ಪಂಚಾಯಿತಿಯಿಂದ ಸಂಘಕ್ಕೆ ಸಹಾಯಧನ: ಅರ್ಜಿಯಿಂದ ಬಳಕೆ ಪ್ರಮಾಣಪತ್ರದವರೆಗೆ

ಪಂಚಾಯಿತಿಗೆ ಸಹಾಯಧನ ಕೇಳುವ ಸಂಘದವರು ಸಾಮಾನ್ಯವಾಗಿ ಅಧ್ಯಕ್ಷರನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಜಿ ಬರೆಯುತ್ತಾರೆ. ಕೆಲವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ನೆನೆದು ಬರೆಯುತ್ತಾರೆ. ಆದರೆ ಆ ಅರ್ಜಿಯನ್ನು ಎಲ್ಲರಿಗಿಂತ ಎಚ್ಚರದಿಂದ ಓದುವವರು ವರ್ಷ ಕಳೆದ ಮೇಲೆ ಬರುವ ಆಡಿಟರ್. ಅವರಿಗೆ ನಿಮ್ಮ ಊರು ಗೊತ್ತಿಲ್ಲ, ನಿಮ್ಮ ಸಂಘದ ಹುಡುಗರು ಎಷ್ಟು ಒಳ್ಳೆಯವರೆಂದೂ ಗೊತ್ತಿಲ್ಲ. ಅವರ ಮುಂದೆ ಇರುವುದು ಒಂದು ಕಡತ. ಹಣ ಯಾಕೆ ಕೊಟ್ಟಿರಿ, ಯಾವ ಲೆಕ್ಕ ಶೀರ್ಷಿಕೆಯಿಂದ (ಬಜೆಟ್ಟಿನ ಯಾವ ಬಾಬತ್ತಿನಿಂದ) ಕೊಟ್ಟಿರಿ, ಅದು ಖರ್ಚಾದದ್ದಕ್ಕೆ ಏನು ಸಾಕ್ಷಿ ಎಂಬುದಕ್ಕೆ ಆ ಕಡತದಲ್ಲಿ ಉತ್ತರ ಸಿಗದಿದ್ದರೆ ‘ಆಕ್ಷೇಪಣೆಯಲ್ಲಿರಿಸಿದ ಮೊತ್ತ’ ಎಂದು ಬರೆಯುತ್ತಾರೆ. ಮುಂದೆ ಅದೇ ‘ವಸೂಲಾತಿಗೆ ಸೂಚಿಸಿದ ಮೊತ್ತ’ ಆದರೆ ಸಹಿ ಹಾಕಿದವರ ಕೈಯಿಂದ ಹೋಗುತ್ತದೆ.

ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ಕೆಲಸ ಮಾಡಿ ನಿವೃತ್ತನಾದವನು. ಯುವಕ ಸಂಘ, ಮಹಿಳಾ ಸಂಘ, ಭಜನಾ ಮಂಡಳಿ, ನಾಟಕದ ತಂಡ, ಕಬಡ್ಡಿ ತಂಡ ಎಲ್ಲರ ಅರ್ಜಿಗಳೂ ನನ್ನ ಮೇಜಿಗೆ ಬಂದಿವೆ. ನಿಜವಾಗಿ ಕೆಲಸ ಮಾಡುವ ಸಂಘದ ಅರ್ಜಿ ಬಿದ್ದುಹೋಗಿ, ಏನೂ ಮಾಡದ ಸಂಘಕ್ಕೆ ಹಣ ಹೋದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಹೆಚ್ಚಿನ ಸಲ ಅದಕ್ಕೆ ಕಾರಣ ರಾಜಕೀಯ ಎಂದು ಜನ ಅಂದುಕೊಳ್ಳುತ್ತಾರೆ. ರಾಜಕೀಯ ಇಲ್ಲವೆಂದಲ್ಲ. ಆದರೆ ಬಹಳ ಸಲ ಕಾರಣ ಕಾಗದದಲ್ಲೇ ಇರುತ್ತದೆ, ಅದನ್ನು ಸರಿಪಡಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಯಾವ ಹಣವನ್ನು ಕೇಳುತ್ತಿದ್ದೀರಿ?

ಪಂಚಾಯಿತಿಯಲ್ಲಿ ‘ಹಣ ಇದೆ’ ಅಥವಾ ‘ಹಣ ಇಲ್ಲ’ ಎನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ಖಾತೆಯ ಹಣ ಎಂದು ಕೇಳಬೇಕು.

ಒಂದು, ಸ್ವಂತ ಸಂಪನ್ಮೂಲ. ಮನೆ ಕಂದಾಯ, ನೀರಿನ ದರ, ಅಂಗಡಿ ಲೈಸೆನ್ಸು ಶುಲ್ಕ, ಮಳಿಗೆ ಬಾಡಿಗೆ, ಸಂತೆ ಹರಾಜು, ಇವೆಲ್ಲ ಇದರಲ್ಲಿ ಬರುತ್ತವೆ. ಇದು ಊರಿನವರೇ ಕಟ್ಟಿದ ಹಣ. ಇದನ್ನು ಹೇಗೆ ಖರ್ಚು ಮಾಡಬೇಕೆಂಬುದರಲ್ಲಿ ಪಂಚಾಯಿತಿಗೆ ಹೆಚ್ಚು ಸ್ವಾತಂತ್ರ್ಯ ಇರುವುದೂ ಇಲ್ಲೇ.

ಎರಡು, ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗದ 2021–26ರ ಅವಧಿಯಲ್ಲಿ ಇದರ ಶೇ. 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟುಬಿದ್ದಿತ್ತು. ಉಳಿದ ಶೇ. 40ನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಿತ್ತು, ಆದರೆ ಸಂಬಳ ಮತ್ತು ಆಡಳಿತ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಹಾಗಾಗಿ ಸಂಘದ ಕಾರ್ಯಕ್ರಮಕ್ಕೆ ಈ ಹಣವನ್ನು ಕೇಳಿದರೆ ಪಿಡಿಒ ಆಗದೆಂದು ತಲೆ ಅಲ್ಲಾಡಿಸುವುದು ಸಹಜ, ಅವರ ಮೇಲೆ ಸಿಟ್ಟಾಗಬೇಡಿ.

ಮೂರು, ಉದ್ಯೋಗ ಖಾತ್ರಿ, ಜಲಜೀವನ ಮುಂತಾದ ಯೋಜನೆಗಳ ಹಣ. ಅದನ್ನು ಮರೆತುಬಿಡಿ.

ಅಂದರೆ ಸಂಘದವರು ಕೇಳಬೇಕಾದದ್ದು ಸ್ವಂತ ಸಂಪನ್ಮೂಲವನ್ನು. ಅದರಲ್ಲೂ ಹೆಚ್ಚಿನವರು ಕಣ್ಣೆತ್ತಿ ನೋಡದ ಒಂದು ಬಾಗಿಲು ಇದೆ. ಸ್ವಂತ ಸಂಪನ್ಮೂಲದ ಶೇ. 25ನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ. 5ನ್ನು ಅಂಗವಿಕಲರಿಗೆ ಮೀಸಲಿಡಬೇಕು. ಮಾರ್ಚ್ ಹತ್ತಿರ ಬಂದಾಗ ಈ ಖಾತೆಗಳಲ್ಲಿ ಹಣ ಖರ್ಚಾಗದೆ ಉಳಿದು, ಏನಾದರೂ ಖರೀದಿಸಿ ಹಂಚಿ ಲೆಕ್ಕ ಮುಗಿಸುವ ಅವಸರ ಹುಟ್ಟುತ್ತದೆ. ನಿಮ್ಮ ಸಂಘ ಕಾಲೋನಿಯ ಮಕ್ಕಳಿಗೆ ಸಂಜೆ ಪಾಠ ಮಾಡುತ್ತಿದ್ದರೆ, ಕಿವಿ ಕೇಳದ ಮಕ್ಕಳ ತಾಯಂದಿರನ್ನು ತಿಂಗಳಿಗೊಮ್ಮೆ ಸೇರಿಸುತ್ತಿದ್ದರೆ, ಆ ಕೆಲಸಕ್ಕೆ ಈ ಖಾತೆಯಲ್ಲಿ ಜಾಗ ಇದೆಯೇ ಎಂದು ಹೆಸರಿಟ್ಟು ಕೇಳಿ. ಫಲಾನುಭವಿಗಳ ಪಟ್ಟಿ ಜೊತೆಯಲ್ಲಿರಬೇಕು. ಪಟ್ಟಿಯಿಲ್ಲದೆ ಬಾಯಿಮಾತಿನಲ್ಲಿ ಕೇಳಿದರೆ ಯಾರೂ ಈ ಖಾತೆಯನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಆ ಹಣ ಅವರದ್ದು.

ಇನ್ನೊಂದು ವಿಷಯ. ಕಂದಾಯದ ಜೊತೆ ಶೇ. 6ರ ಗ್ರಂಥಾಲಯ ಕರವನ್ನೂ ನೀವು ಕಟ್ಟುತ್ತೀರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಅದು. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ ಎನ್ನಿಸಿಕೊಂಡಿವೆ. ಓದಿಗೆ, ಮಕ್ಕಳಿಗೆ, ಪುಸ್ತಕಕ್ಕೆ ಸಂಬಂಧಪಟ್ಟ ಕೆಲಸವಿದ್ದರೆ ಸಂಘದ ಕಾರ್ಯಕ್ರಮ ಎಂದು ಬೇರೆಯಾಗಿ ಕೇಳುವುದಕ್ಕಿಂತ ಅರಿವು ಕೇಂದ್ರದ ಜೊತೆ ಸೇರಿ ಮಾಡುತ್ತೇವೆ ಎಂದು ಬರೆಯಿರಿ. ದಾರಿ ಅರ್ಧ ಸಲೀಸಾಗುತ್ತದೆ.

‘ಸಂಘಕ್ಕೆ ಹಣ ಕೊಡಲು ಕಾನೂನಿನಲ್ಲಿ ಅವಕಾಶವೇ ಇಲ್ಲ’ ಎಂದು ಯಾರಾದರೂ ಹೇಳಿದರೆ ಎದೆಗುಂದಬೇಡಿ. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳ 29 ವಿಷಯಗಳಿವೆ. ಗ್ರಂಥಾಲಯ 20ನೆಯದು, ಸಾಂಸ್ಕೃತಿಕ ಚಟುವಟಿಕೆ 21ನೆಯದು, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ 25ನೆಯದು, ಸಮುದಾಯದ ಆಸ್ತಿಗಳ ನಿರ್ವಹಣೆ 29ನೆಯದು. ನಮ್ಮ ರಾಜ್ಯದ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಲ್ಲೂ ಸಾಮಾಜಿಕ, ಸಾಂಸ್ಕೃತಿಕ ಚಟುವಟಿಕೆಗಳಿಗೆ ಉತ್ತೇಜನ ಕೊಡುವುದು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲೇ ಸೇರಿದೆ. ನಿಮ್ಮ ಕೆಲಸ ಇವುಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಪಂಚಾಯಿತಿ ದಾನ ಕೊಡುವ ಜಾಗವಲ್ಲ. ತಾನು ಮಾಡಬೇಕಾದ ಕೆಲಸವನ್ನು ನಿಮ್ಮ ಕೈಯಲ್ಲಿ ಮಾಡಿಸಬಹುದು, ಅಷ್ಟೇ. ಆ ಒಂದು ಸಾಲು ಆಡಿಟರ್‌ಗೆ ಕೊಡುವ ಮೊದಲ ಉತ್ತರ.

ದೇವರ ಕಾರ್ಯಕ್ಕೆ ಹಣ ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಪೂಜೆ, ಹೋಮ, ಉತ್ಸವದ ಖರ್ಚನ್ನು ಕಂದಾಯದ ಹಣದಿಂದ ಕೇಳಬೇಡಿ, ಅದು ಯಾವ ಧರ್ಮದ್ದೇ ಆಗಿರಲಿ. ಜಾತ್ರೆಗೆ ಬರುವ ಜನಕ್ಕೆ ಕುಡಿಯುವ ನೀರು, ಬೀದಿ ದೀಪ, ಕಸ ತೆಗೆಯುವುದು, ಚರಂಡಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು ಪಂಚಾಯಿತಿಯ ಕರ್ತವ್ಯ. ಅದನ್ನು ಕೇಳಿ, ಧೈರ್ಯವಾಗಿ ಕೇಳಿ.

ಯಾವಾಗ ಕೇಳಬೇಕು

ಹಬ್ಬಕ್ಕೆ ಮೂರು ದಿನ ಇರುವಾಗ ಬಂದ ಅರ್ಜಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಪಂಚಾಯಿತಿಯ ವರ್ಷ ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮುಂದಿನ ವರ್ಷದ ಯೋಜನೆ ತಯಾರಿಸುವ ಕೆಲಸ ಗಾಂಧಿ ಜಯಂತಿಯ ಹೊತ್ತಿಗೆ ಆರಂಭವಾಗುತ್ತದೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎನ್ನುವುದು ಅದನ್ನೇ. ವಾರ್ಡ್ ಸಭೆಯಲ್ಲಿ ಬೇಡಿಕೆ ಬರುತ್ತದೆ, ಗ್ರಾಮ ಸಭೆಯಲ್ಲಿ ಆದ್ಯತೆ ತೀರ್ಮಾನವಾಗುತ್ತದೆ, ಪಂಚಾಯಿತಿ ಸಭೆಯಲ್ಲಿ ಆಯವ್ಯಯಕ್ಕೆ, ಅಂದರೆ ಬಜೆಟ್ಟಿಗೆ, ಸೇರುತ್ತದೆ. ಮಾರ್ಚ್ ಒಳಗೆ ಆಯವ್ಯಯ ಪಾಸಾಗಬೇಕು.

ಆದ್ದರಿಂದ ನಿಮ್ಮ ಮಾತು ಮೊದಲು ಕೇಳಿಬರಬೇಕಾದದ್ದು ವಾರ್ಡ್ ಸಭೆಯಲ್ಲಿ. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ನಡೆಯಬೇಕು. ಜನ ಬರುವುದಿಲ್ಲ ಎಂದು ನೌಕರರು ದೂರುತ್ತಾರೆ, ಸಭೆಯೇ ಆಗುವುದಿಲ್ಲ ಎಂದು ಜನ ದೂರುತ್ತಾರೆ. ನಿಮ್ಮ ಸಂಘದ ಹತ್ತು ಜನ ಹೋಗಿ ಕೂತರೆ ಎರಡೂ ದೂರು ನಿಲ್ಲುತ್ತದೆ. ಅಲ್ಲಿ ಎದ್ದು ನಿಂತು ಹೇಳಿ: ‘ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಬೇಕೆಂದಿದ್ದೇವೆ, ಮುಂದಿನ ವರ್ಷದ ಬಜೆಟ್ಟಿನಲ್ಲಿ ಇದಕ್ಕೆ ಜಾಗ ಇಡಿ.’ ಇಷ್ಟೇ ಸಾಕು, ಭಾಷಣ ಬೇಡ. ಆದರೆ ಅದನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಬರೆದಿದ್ದಾರೆಯೇ ಎಂದು ಅಲ್ಲೇ ನೋಡಿಕೊಂಡು ಬನ್ನಿ. ಸಭೆಯಲ್ಲಿ ಆಡಿದ ಮಾತು ನಡವಳಿಯಲ್ಲಿ ಇಲ್ಲದಿದ್ದರೆ ಅದು ಕಡತಕ್ಕೆ ಬರುವುದಿಲ್ಲ.

ಅರ್ಜಿಯನ್ನು ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಟ್ಟುಬಿಡಿ. ಶಿಬಿರ ನಡೆಯುವುದು ಏಪ್ರಿಲ್‌ನಲ್ಲಿ ಆದರೂ ಸರಿ. ಏಪ್ರಿಲ್ ಶಿಬಿರ ಹೊಸ ಆರ್ಥಿಕ ವರ್ಷಕ್ಕೆ ಸೇರುವುದರಿಂದ, ಮಾರ್ಚ್‌ನಲ್ಲಿ ಪಾಸಾಗುವ ಬಜೆಟ್ಟಿನಲ್ಲಿ ಅದು ಇರಲೇಬೇಕು. ಇಲ್ಲದಿದ್ದರೆ ಪೂರಕ ಬಜೆಟ್ಟಿಗೆ ಕಾಯಬೇಕಾಗುತ್ತದೆ, ಅಷ್ಟರಲ್ಲಿ ಶಾಲೆ ತೆರೆದಿರುತ್ತದೆ.

ಸಂಘದ ಕಾಗದ

ಇಲ್ಲಿ ಬಹಳ ಸಂಘಗಳು ಎಡವುತ್ತವೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ಸಂಘ ನೋಂದಾಯಿಸಬಹುದು. ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಯ ಕಚೇರಿ ಸಹಕಾರ ಇಲಾಖೆಯ ಜೊತೆಯಲ್ಲೇ ಇರುತ್ತದೆ. ನೋಂದಣಿಯ ದಿನ ಫೋಟೊ ತೆಗೆಸಿಕೊಂಡು, ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಆಮೇಲೆ ಆ ಕಚೇರಿಯ ಕಡೆ ತಲೆಹಾಕುವುದಿಲ್ಲ. ಪ್ರತಿ ವರ್ಷ ಸರ್ವ ಸದಸ್ಯರ ಸಭೆ ಮಾಡಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಲವು ವರ್ಷ ಇದನ್ನು ಬಿಟ್ಟರೆ ಒಟ್ಟಿಗೆ ದಂಡ ಕಟ್ಟಿ ಸರಿಮಾಡಿಸುವುದಕ್ಕೆ ಓಡಾಡಬೇಕು. ಹಣ ಕೇಳುವ ಹೊತ್ತಿಗೆ ಅದೆಲ್ಲ ಆಗುವುದಿಲ್ಲ.

ಅರ್ಜಿಯ ಜೊತೆ ಇರಬೇಕಾದವು: ನೋಂದಣಿ ಪ್ರಮಾಣಪತ್ರ, ಬೈಲಾ (ಸಂಘದ ನಿಯಮಾವಳಿ), ಈಗಿನ ಪದಾಧಿಕಾರಿಗಳ ಪಟ್ಟಿ, ಕೊನೆಯ ವರ್ಷದ ಆಡಿಟ್ ವರದಿ, ಸಂಘದ ಹೆಸರಿನ ಪ್ಯಾನ್ ಕಾರ್ಡ್, ಸಂಘದ ಹೆಸರಿನ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಮತ್ತು ಈ ಅರ್ಜಿ ಕೊಡಬೇಕೆಂದು ನಿಮ್ಮ ಸಂಘವೇ ಮಾಡಿದ ಠರಾವಿನ (ಸಭೆಯ ನಿರ್ಣಯದ) ಪ್ರತಿ. ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಸಂಘದ ಒಳಗೆ ಜಗಳ ಇದ್ದು ಇಬ್ಬರು ‘ಅಧ್ಯಕ್ಷರು’ ಬೇರೆ ಬೇರೆ ಅರ್ಜಿ ಕೊಟ್ಟಾಗ ಪಂಚಾಯಿತಿ ನೋಡುವುದು ಈ ಠರಾವನ್ನೇ.

ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲೇ ಇರಲಿ, ಇಬ್ಬರ ಜಂಟಿ ಸಹಿ ಇರಲಿ. ‘ನಮ್ಮ ಖಜಾಂಚಿ ಖಾತೆಗೆ ಹಾಕಿ, ಅವರು ನಂಬಿಕಸ್ಥರು’ ಎಂದರೆ ಅಲ್ಲಿಗೆ ಕಡತ ನಿಂತಿತು. ಖಜಾಂಚಿ ನಂಬಿಕಸ್ಥರೇ ಇರಬಹುದು. ಆದರೂ ಸಾರ್ವಜನಿಕ ಹಣ ಖಾಸಗಿ ಖಾತೆಗೆ ಹೋಗುವಂತಿಲ್ಲ.

ಸ್ವಸಹಾಯ ಗುಂಪುಗಳ ಕಥೆ ಬೇರೆ. ಸ್ತ್ರೀಶಕ್ತಿ ಗುಂಪಾಗಲಿ, ಸಂಜೀವಿನಿ ಗುಂಪಾಗಲಿ, ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಅವರಿಗೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಇದೆ, ಒಕ್ಕೂಟದ ಮೂಲಕವೇ ಬರುವುದು ಸರಿಯಾದ ದಾರಿ. ಸುತ್ತು ನಿಧಿ, ಸಮುದಾಯ ಬಂಡವಾಳ ನಿಧಿ ಬರುವುದೂ ಆ ಕಡೆಯಿಂದಲೇ. ಅಲ್ಲಿ ನೋಡುವುದು ಪಂಚಸೂತ್ರ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಕ್ಕೆ ಮರುಪಾವತಿ, ಪುಸ್ತಕ ನಿರ್ವಹಣೆ. ನಾನು ಕಂಡಂತೆ ಪುಸ್ತಕವನ್ನು ಎಲ್ಲರಿಗಿಂತ ಚೊಕ್ಕಟವಾಗಿ ಇಟ್ಟವರು ಹೆಣ್ಣುಮಕ್ಕಳ ಗುಂಪುಗಳೇ. ಹೆಬ್ಬೆಟ್ಟು ಒತ್ತುವ ತಾಯಂದಿರ ಗುಂಪಿನ ಪುಸ್ತಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಇರುತ್ತಿರಲಿಲ್ಲ. ಅಂಥ ಗುಂಪು ಪಂಚಾಯಿತಿಗೆ ಬರಲು ಅಂಜುತ್ತದೆ. ಅಂಜಬೇಡಿ, ಆ ಪುಸ್ತಕವನ್ನೇ ತೆಗೆದುಕೊಂಡು ಬಂದು ಮೇಜಿನ ಮೇಲಿಡಿ.

ಅರ್ಜಿ ಬರೆಯುವುದು

ಸಾಮಾನ್ಯವಾಗಿ ಬರುವ ಅರ್ಜಿ ಹೀಗಿರುತ್ತದೆ: ‘ನಮ್ಮ ಸಂಘವು ಹಲವಾರು ವರ್ಷಗಳಿಂದ ಸಮಾಜಮುಖಿ ಕಾರ್ಯಕ್ರಮಗಳನ್ನು ಹಮ್ಮಿಕೊಂಡು ಬಂದಿದ್ದು, ತಾವು ದೊಡ್ಡ ಮನಸ್ಸು ಮಾಡಿ ಹೆಚ್ಚಿನ ಅನುದಾನ ಮಂಜೂರು ಮಾಡಬೇಕಾಗಿ ವಿನಂತಿ.’ ಇದನ್ನು ಓದಿದ ನೌಕರನಿಗೆ ಟಿಪ್ಪಣಿ ಬರೆಯಲು ಏನೂ ಸಿಗುವುದಿಲ್ಲ. ಎಷ್ಟು ಹಣ, ಯಾತಕ್ಕೆ, ಯಾರಿಗೆ, ಎಲ್ಲಿ, ಯಾವಾಗ ಎಂಬ ಐದರಲ್ಲಿ ಒಂದೂ ಇಲ್ಲ.

ವಿಷಯದ ಸಾಲಿನಲ್ಲೇ ಎಲ್ಲ ಬರಲಿ. ಉದಾಹರಣೆಗೆ: ‘ವಿಷಯ: ಪಂಚಾಯಿತಿ ವ್ಯಾಪ್ತಿಯ 2 ಗ್ರಾಮಗಳ 40 ಮಕ್ಕಳಿಗೆ ಅರಿವು ಕೇಂದ್ರದ ಸಹಯೋಗದಲ್ಲಿ 10 ದಿನಗಳ ಬೇಸಿಗೆ ಶಿಬಿರ ನಡೆಸಲು ರೂ. 10,800 ಸಹಾಯಧನ ಕೋರಿ.’

ಅದರ ಕೆಳಗೆ ಎರಡು ಪ್ಯಾರಾ ಸಾಕು. ಮೊದಲನೆಯದರಲ್ಲಿ ಶಿಬಿರ ಯಾಕೆ ಬೇಕು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಶಾಲೆಯಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ. ಎರಡನೆಯದರಲ್ಲಿ ನೀವು ಹಿಂದೆ ಮಾಡಿದ ಒಂದು ಕೆಲಸ. ಒಂದೇ ಸಾಕು, ಆದರೆ ದಿನಾಂಕ ಸಮೇತ. ಆಮೇಲೆ ಖರ್ಚಿನ ಪಟ್ಟಿ. ಪಟ್ಟಿ ಹೀಗಿರಲಿ:

ಬಣ್ಣ, ಡ್ರಾಯಿಂಗ್ ಹಾಳೆ, ಅಂಟು, ಕತ್ತರಿ: 40 ಮಕ್ಕಳು × ರೂ. 120 = ರೂ. 4,800
ಸಂಪನ್ಮೂಲ ವ್ಯಕ್ತಿಗಳ ಗೌರವಧನ: 4 ಜನ × ರೂ. 1,000 = ರೂ. 4,000
ಕೊನೆಯ ದಿನ ಮೈಕು, ಶಾಮಿಯಾನ ಬಾಡಿಗೆ: ರೂ. 2,000
ಬೆಳಗಿನ ತಿಂಡಿ: 40 ಮಕ್ಕಳು × 10 ದಿನ × ರೂ. 20 = ರೂ. 8,000
ಒಟ್ಟು ವೆಚ್ಚ: ರೂ. 18,800
ತಿಂಡಿ ಖರ್ಚನ್ನು ಸಂಘ ಭರಿಸುವುದು: ರೂ. 8,000
ಪಂಚಾಯಿತಿಯಿಂದ ಕೋರುವುದು: ರೂ. 10,800

ಈ ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಕೇಳಿಕೊಂಡು ಬರೆಯಿರಿ. ಪಟ್ಟಿಯ ರೀತಿಯನ್ನು ಗಮನಿಸಿ. ಗುಣಾಕಾರ ಕಾಣಿಸುತ್ತದೆ. 4,800 ಎಲ್ಲಿಂದ ಬಂತೆಂದು ಯಾರೂ ಕೇಳಬೇಕಾಗಿಲ್ಲ. ‘ಇತರೆ ವೆಚ್ಚ ರೂ. 5,000’ ಎಂಬ ಸಾಲು ಇಲ್ಲ, ಏಕೆಂದರೆ ಕೆಂಪು ಪೆನ್ನು ಮೊದಲು ಬೀಳುವುದೇ ಆ ಸಾಲಿನ ಮೇಲೆ. ಸಂಘದ ಪಾಲು ಕಾಣಿಸುತ್ತದೆ. ಸಂಘವೇ ಕೈಯಿಂದ ಹಾಕುತ್ತಿದೆ ಎಂದಾಗ ಪಂಚಾಯಿತಿ ಸದಸ್ಯರು ಮಾತಾಡುವ ಧಾಟಿಯೇ ಬದಲಾಗುವುದನ್ನು ನಾನು ಎಷ್ಟೋ ಸಭೆಗಳಲ್ಲಿ ಕಂಡಿದ್ದೇನೆ. ನಿಮ್ಮ ಹತ್ತಿರ ಹಣ ಇಲ್ಲದಿದ್ದರೆ ಶ್ರಮವನ್ನು ಬರೆಯಿರಿ: ‘ಸಂಘದ 6 ಸದಸ್ಯರು 10 ದಿನ ಸಂಭಾವನೆ ಇಲ್ಲದೆ ಕೆಲಸ ಮಾಡುವರು.’

ಅಂದಾಜನ್ನು ಉಬ್ಬಿಸಬೇಡಿ. ‘ಹೇಗೂ ಅರ್ಧ ಕಡಿಮೆ ಮಾಡುತ್ತಾರೆ, ದುಪ್ಪಟ್ಟು ಕೇಳೋಣ’ ಎಂಬ ಲೆಕ್ಕ ಎಲ್ಲ ಕಡೆ ಇದೆ. ದುಪ್ಪಟ್ಟು ಕೇಳಿದವರಿಗೆ ಅಪ್ಪಿತಪ್ಪಿ ಪೂರ್ತಿ ಮಂಜೂರಾದರೆ ಅಷ್ಟಕ್ಕೂ ಬಿಲ್ಲು ತೋರಿಸಬೇಕಾಗುತ್ತದೆ. ಸುಳ್ಳು ಬಿಲ್ಲು ಹುಟ್ಟುವುದು ಅಲ್ಲಿಂದಲೇ. ಒಳ್ಳೆಯ ಹುಡುಗರ ಸಂಘವೊಂದು ಹೀಗೆ ಕೆಟ್ಟ ಹೆಸರು ತಂದುಕೊಂಡದ್ದನ್ನು ನೋಡಿ ನನಗೆ ಬಹಳ ನೋವಾಗಿತ್ತು.

ಅರ್ಜಿಯನ್ನು ಪಂಚಾಯಿತಿ ಸದಸ್ಯರ ಜೇಬಿಗೆ ಕೊಡಬೇಡಿ. ಕಚೇರಿಗೆ ಹೋಗಿ, ಆವಕ ವಹಿಯಲ್ಲಿ (ಬಂದ ಪತ್ರಗಳ ಪುಸ್ತಕದಲ್ಲಿ) ನಮೂದಿಸಿ, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಆಮೇಲೆ ಸದಸ್ಯರಿಗೆ ಒಂದು ಪ್ರತಿ ಕೊಟ್ಟು ವಿಷಯ ತಿಳಿಸಿ. ಈ ಕ್ರಮ ತಿರುಗುಮುರುಗಾದರೆ ಅರ್ಜಿ ಎಲ್ಲಿದೆ ಎಂದು ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಸಭೆಯಲ್ಲಿ ಏನಾಗುತ್ತದೆ

ಪಂಚಾಯಿತಿ ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ನಿಮ್ಮ ಅರ್ಜಿ ಕಾರ್ಯಸೂಚಿಯಲ್ಲಿ ಇದೆಯೇ ಎಂದು ಸಭೆಗೆ ಮುಂಚೆ ವಿಚಾರಿಸಿ. ಅದು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಕೊನೆಯ ಸಾಲಿಗೆ ಬಿದ್ದರೆ ಊಟದ ಹೊತ್ತಿಗೆ ಬರುತ್ತದೆ, ಯಾರಿಗೂ ಕೇಳುವ ತಾಳ್ಮೆ ಇರುವುದಿಲ್ಲ.

ಪಂಚಾಯಿತಿ ಸದಸ್ಯರೊಬ್ಬರು ನಿಮ್ಮ ಸಂಘದ ಪದಾಧಿಕಾರಿಯೂ ಆಗಿದ್ದರೆ, ಈ ವಿಷಯ ಬಂದಾಗ ಅವರು ತಮ್ಮ ಸಂಬಂಧವನ್ನು ಸಭೆಗೆ ತಿಳಿಸಿ ಚರ್ಚೆಯಿಂದ ದೂರ ಇರಲಿ, ಅದೂ ನಡವಳಿಯಲ್ಲಿ ಬರಲಿ. ನಮ್ಮವರೇ ಒಳಗಿದ್ದಾರೆಂದು ಖುಷಿಪಡುವ ಸಂಘಗಳಿಗೆ ಈ ಮಾತು ರುಚಿಸುವುದಿಲ್ಲ. ಆದರೆ ಮುಂದೆ ಯಾರಾದರೂ ದೂರು ಕೊಟ್ಟಾಗ ಈ ಒಂದು ಸಾಲು ಆ ಸದಸ್ಯರನ್ನೂ ನಿಮ್ಮನ್ನೂ ಕಾಯುತ್ತದೆ.

ಈಗ ನಾನು ಬಹಳ ಮುಖ್ಯ ಎಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಠರಾವಿನ ಭಾಷೆ. ‘ಅರ್ಜಿಯನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು’ ಎಂದು ಬರೆದಿದ್ದರೆ ಸಂಘದವರು ಹಣ ಮಂಜೂರಾಯಿತೆಂದು ಸಿಹಿ ಹಂಚುತ್ತಾರೆ. ಅದರಲ್ಲಿ ಮಂಜೂರಾತಿ ಇಲ್ಲವೇ ಇಲ್ಲ. ಯಾರು, ಏನು, ಎಷ್ಟು, ಯಾವಾಗ ಎಂಬ ಒಂದಕ್ಕೂ ಅದು ಉತ್ತರ ಹೇಳುವುದಿಲ್ಲ. ಆ ಠರಾವನ್ನು ಹಿಡಿದು ಪಿಡಿಒ ಒಂದು ಪೈಸೆಯನ್ನೂ ಕೊಡಲಾಗದು.

ಹಣ ಕೊಡಬಲ್ಲ ಠರಾವು ಹೀಗಿರುತ್ತದೆ: ‘ಸದರಿ ಅರ್ಜಿಯನ್ನು ಸಭೆಯಲ್ಲಿ ಓದಿ ಚರ್ಚಿಸಲಾಯಿತು. ಬೇಸಿಗೆ ಶಿಬಿರದ ಸಾಮಗ್ರಿ, ಗೌರವಧನ ಹಾಗೂ ಬಾಡಿಗೆ ವೆಚ್ಚವನ್ನು ರೂ. 10,800 ಮೀರದಂತೆ, ಪ್ರಸಕ್ತ ಸಾಲಿನ ಆಯವ್ಯಯದಲ್ಲಿ ಸ್ವಂತ ಸಂಪನ್ಮೂಲದಡಿ ಇದಕ್ಕಾಗಿ ಕಾಯ್ದಿರಿಸಿದ ಲೆಕ್ಕ ಶೀರ್ಷಿಕೆಯಿಂದ ಭರಿಸಲು, ಶಿಬಿರ ಮುಗಿದ 30 ದಿನಗಳೊಳಗೆ ಬಳಕೆ ಪ್ರಮಾಣಪತ್ರ ಪಡೆಯುವ ಷರತ್ತಿಗೊಳಪಟ್ಟು ಅನುಮೋದಿಸಲಾಯಿತು.’ ಸಭೆಯ ನಂತರ ನಡವಳಿಯ ದೃಢೀಕೃತ ಪ್ರತಿ ಕೇಳಿ ಪಡೆಯಿರಿ. ಮೊತ್ತ, ಉದ್ದೇಶ, ಖಾತೆ, ಷರತ್ತು, ಈ ನಾಲ್ಕೂ ಇವೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಸ್ಪಷ್ಟಪಡಿಸುವಂತೆ ಅಂದೇ ಒಂದು ಪತ್ರ ಕೊಡಿ.

ಕೆಲವು ಪಂಚಾಯಿತಿಗಳು ಹಣವನ್ನು ಸಂಘದ ಕೈಗೆ ಕೊಡದೆ ಸಾಮಾನು ಕೊಟ್ಟ ಅಂಗಡಿಯವರ ಖಾತೆಗೆ ನೇರವಾಗಿ ಪಾವತಿಸುತ್ತವೆ, ಇನ್ನು ಕೆಲವು ಕಾರ್ಯಕ್ರಮ ಮುಗಿದ ಮೇಲೆ ಬಿಲ್ಲು ನೋಡಿ ಕೊಡುತ್ತವೆ. ಇದು ಅಪಮಾನವಲ್ಲ. ನನ್ನನ್ನು ಕೇಳಿದರೆ ಸಣ್ಣ ಸಂಘಕ್ಕೆ ಇದೇ ಕ್ಷೇಮ. ಮೊದಲೇ ಯಾವ ರೀತಿ ಎಂದು ಕೇಳಿಕೊಂಡು, ಕೈಯಿಂದ ಹಾಕಬೇಕಾದರೆ ಎಷ್ಟು ದಿನ ಹಾಕಬೇಕಾದೀತೆಂದು ಲೆಕ್ಕ ಹಾಕಿಕೊಳ್ಳಿ. ಹಣವೇ ಬೇಕೆಂದೂ ಇಲ್ಲ. ಸಮುದಾಯ ಭವನ ಬಾಡಿಗೆ ಇಲ್ಲದೆ ಸಿಗಲಿ, ನೀರಿನ ಟ್ಯಾಂಕರ್ ಬರಲಿ, ಕಸದ ಗಾಡಿ ಸಂಜೆ ಒಂದು ಸುತ್ತು ಬರಲಿ ಎಂದು ಕೇಳಿದರೆ ಅಂದೇ ಒಪ್ಪುತ್ತಾರೆ.

ಖರ್ಚು, ವೋಚರು, ಲೆಕ್ಕ

ಹಣ ಬಂದ ದಿನವೇ ಒಂದು ಕಡತ ಮಾಡಿ. ಮೇಲೆ ಠರಾವಿನ ಪ್ರತಿ, ಕೆಳಗೆ ಅರ್ಜಿ, ಅದರ ಕೆಳಗೆ ವೋಚರುಗಳಿಗೆ ಜಾಗ. ಪ್ರತಿ ಬಿಲ್ಲು ಸಂಘದ ಹೆಸರಿಗೇ ಇರಬೇಕು, ಅಂಗಡಿಗೆ ಹೋದ ಹುಡುಗನ ಹೆಸರಿಗಲ್ಲ. ಬಿಲ್ಲಿನ ದಿನಾಂಕ ಠರಾವಿನ ದಿನಾಂಕದ ನಂತರದ್ದೇ ಆಗಿರಬೇಕು. ಇದನ್ನು ಗಮನಿಸದೆ ಮೊದಲೇ ಕೊಂಡ ಸಾಮಾನಿನ ಬಿಲ್ಲು ಇಡುವುದರಿಂದ ಎಷ್ಟೋ ಒಳ್ಳೆಯ ಲೆಕ್ಕಗಳು ಆಕ್ಷೇಪಣೆಗೆ ಹೋಗಿವೆ.

ಗೌರವಧನ, ಕೂಲಿ, ಸಂತೆಯಲ್ಲಿ ಕೊಂಡ ಹಣ್ಣು ಇವಕ್ಕೆ ಬಿಲ್ಲು ಸಿಗುವುದಿಲ್ಲ. ಅದಕ್ಕೆ ಕೈ ವೋಚರು ಬರೆಯಿರಿ: ಯಾರಿಗೆ, ಯಾತಕ್ಕೆ, ಎಷ್ಟು, ಯಾವ ದಿನ, ಪಡೆದವರ ಸಹಿ, ಕೊಟ್ಟವರ ಸಹಿ. ರೂ. 5,000 ಮೀರಿದ ನಗದು ಪಾವತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಬೇಕು. ದೊಡ್ಡ ಮೊತ್ತವನ್ನು ನಗದಿನಲ್ಲಿ ಕೊಡದೆ ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಟ್ಟರೆ ಬ್ಯಾಂಕಿನ ಸ್ಟೇಟ್‌ಮೆಂಟೇ ನಿಮ್ಮ ಸಾಕ್ಷಿ. ಪ್ರತಿ ದಿನ ಮಕ್ಕಳ ಹಾಜರಿ ತೆಗೆಯಿರಿ. ಫೋಟೊ ಎರಡು ಮೂರು ಸಾಕು, ಆದರೆ ಮಕ್ಕಳು ಕಾಣಿಸಲಿ, ಹಾರ ಹಾಕಿಸಿಕೊಂಡ ಗಣ್ಯರ ಫೋಟೊದಿಂದ ಶಿಬಿರ ನಡೆದದ್ದು ಸಾಬೀತಾಗುವುದಿಲ್ಲ.

ಬಳಕೆ ಪ್ರಮಾಣಪತ್ರ ಒಂದು ಪುಟದ ಕಾಗದ. ಯಾವ ಠರಾವಿನ ಮೇರೆಗೆ ಎಷ್ಟು ಬಂತು, ಯಾವ ಬಾಬತ್ತಿಗೆ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಮಂಜೂರಾದ ಉದ್ದೇಶಕ್ಕೇ ಬಳಸಿದ್ದೇವೆ ಎಂಬ ದೃಢೀಕರಣ, ಅಧ್ಯಕ್ಷರು ಮತ್ತು ಖಜಾಂಚಿಯ ಸಹಿ, ಸಂಘದ ಮುದ್ರೆ. ಅದಕ್ಕೆ ವೋಚರುಗಳ ಪ್ರತಿ ಲಗತ್ತಿಸಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಣ ಉಳಿದಿದ್ದರೆ ವಾಪಸು ಕಟ್ಟಿ. ರೂ. 640 ಉಳಿದರೂ ಪಂಚಾಯಿತಿ ಖಾತೆಗೆ ಜಮಾ ಮಾಡಿ ರಸೀದಿ ತೆಗೆದುಕೊಳ್ಳಿ. ಉಳಿದ ಹಣಕ್ಕೆ ಬ್ಯಾನರ್ ಮಾಡಿಸಿ ಲೆಕ್ಕ ಸರಿದೂಗಿಸಬೇಡಿ. ಉಳಿಕೆ ಹಣ ತಂದು ಕಟ್ಟಿದ ಸಂಘವನ್ನು ಪಂಚಾಯಿತಿ ಕಚೇರಿ ಮರೆಯುವುದಿಲ್ಲ, ಅಂಥವರು ಅಷ್ಟು ಅಪರೂಪ.

ಆಗುವುದಿಲ್ಲ ಎಂದರೆ

ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಬೇಡಿ. ಅರ್ಜಿ ಯಾವ ಸಭೆಗೆ ಬಂತು, ಏನು ತೀರ್ಮಾನವಾಯಿತು ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ ರೂ. 10, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ನಿಮ್ಮ ಅರ್ಜಿಯ ಆವಕ ಸಂಖ್ಯೆ ಹಾಕಿ, ಅದರ ಮೇಲಿನ ಟಿಪ್ಪಣಿ ಹಾಳೆ ಮತ್ತು ನಡವಳಿಯ ಪ್ರತಿ ಮಾತ್ರ ಕೇಳಿ. ಹತ್ತು ವರ್ಷದ ಎಲ್ಲ ಸಂಘಗಳ ಲೆಕ್ಕ ಕೇಳುವ ಅರ್ಜಿ ಸಿಟ್ಟು ತೀರಿಸಿಕೊಳ್ಳುವುದಕ್ಕೆ ಸರಿಹೋದೀತು, ಸಹಾಯಧನ ತರುವುದಿಲ್ಲ. ಅಲ್ಲಿಂದಲೂ ಪರಿಹಾರ ಸಿಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಬರೆಯಬಹುದು.

ಪಟ್ಟಣದವರು ಇದೇ ಕ್ರಮವನ್ನು ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರ ಮುಂದೆ ಅನುಸರಿಸಬೇಕು. ಅಲ್ಲಿ ಮೀಸಲು ಬೇರೆ: ಪರಿಶಿಷ್ಟರಿಗೆ ಶೇ. 24.10, ಇತರ ಬಡವರಿಗೆ ಶೇ. 7.25, ಅಂಗವಿಕಲರಿಗೆ ಶೇ. 5. ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೆಯುತ್ತಾರೆ, ಪತ್ರಿಕೆಯ ಮೂಲೆಯಲ್ಲಿ ಪ್ರಕಟಣೆ ಬಂದಿರುತ್ತದೆ. ತಪ್ಪಿಸಿಕೊಳ್ಳಬೇಡಿ.

ಕಟ್ಟಡ, ಕೊಠಡಿಯಂಥ ದೊಡ್ಡ ಕೆಲಸಕ್ಕೆ ಪಂಚಾಯಿತಿ ಸಾಲದು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ರೂ. 2 ಕೋಟಿ, ಸಂಸದರದ್ದು ರೂ. 5 ಕೋಟಿ. ಅದು ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮಾತ್ರ, ಅನುಷ್ಠಾನ ಸಂಸ್ಥೆಯ ಮೂಲಕ ಖರ್ಚಾಗುವಂಥದ್ದು. ನಾಟಕ, ಸಂಗೀತ, ಜಾನಪದದ ತಂಡಗಳಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯ ಇದೆ, ಸರ್ಕಾರದ ಆನ್‌ಲೈನ್ ತಾಣ ಸೇವಾ ಸಿಂಧು ಮೂಲಕ ಅರ್ಜಿ ಕರೆಯುತ್ತಾರೆ. ಅಲ್ಲಿ ಕೇಳುವುದೂ ನೋಂದಣಿ, ಆಡಿಟ್ ವರದಿ, ಹಿಂದಿನ ಕಾರ್ಯಕ್ರಮಗಳ ದಾಖಲೆಗಳನ್ನೇ. ಪಂಚಾಯಿತಿಗಾಗಿ ಮಾಡಿಟ್ಟ ಕಡತ ಅಲ್ಲೂ ಕೆಲಸಕ್ಕೆ ಬರುತ್ತದೆ.

ಎರಡನೇ ವರ್ಷ ಪಂಚಾಯಿತಿಗೆ ಹೋಗುವಾಗ ಹೊಸ ಅರ್ಜಿಯ ಮೇಲೆಯೇ ಕಳೆದ ವರ್ಷದ ಬಳಕೆ ಪ್ರಮಾಣಪತ್ರದ ಸ್ವೀಕೃತಿ ಪ್ರತಿಯನ್ನು ಪಿನ್ ಮಾಡಿ. ಪದಾಧಿಕಾರಿಗಳು ಬದಲಾಗಿದ್ದರೆ ಬ್ಯಾಂಕಿನ ಸಹಿಯನ್ನು ಮೊದಲೇ ಬದಲಾಯಿಸಿ, ಹಳೆಯ ಖಜಾಂಚಿಯಿಂದ ಹೊಸಬರಿಗೆ ಕಡತ ಕೈಬದಲಾದದ್ದನ್ನು ಸಂಘದ ನಡವಳಿಯಲ್ಲಿ ಬರೆಯಿರಿ.